ಅರಬಿಯನ್ನು ಯಾತಕ್ಕಾಗಿ ಕಲಿಸುತ್ತಿದ್ದೇವೆ?

ವಿಶ್ವವಿದ್ಯಾಲಯಗಳಲ್ಲಿ ಅರಬಿಯನ್ನು ಮುಖ್ಯ ವಿಷಯವಾಗಿ ಓದಿದವರ ಬಗ್ಗೆ ನಮ್ಮಲ್ಲಿ ಒಂದು ಹಳೆಯ ದೂರಿದೆ. ಇಸ್ಲಾಂಪೂರ್ವ ಕಾಲದ ಕವಿತೆಯೊಂದನ್ನು ಪದ ಪದ ಬಿಡಿಸಿ ಅರ್ಥ ಹೇಳಬಲ್ಲ ಪದವೀಧರ, ಅರಬ್ ಅತಿಥಿಯೊಬ್ಬರು ಎದುರಿಗೆ ಕುಳಿತರೆ ಕುಶಲ ವಿಚಾರಿಸಿದ ಮೇಲೆ ಮಾತು ಮುಂದುವರಿಸಲಾರ. ಪತ್ರಿಕೆಯ ಒಂದು ಪುಟ ಓದಲು ಅವನಿಗೆ ನಿಘಂಟು ಬೇಕು, ಒಂದು ಅರ್ಜಿ ಬರೆಯಲು ಇನ್ನೊಬ್ಬರ ನೆರವು ಬೇಕು. ಈ ದೂರಿಗೆ ಸಿದ್ಧ ಉತ್ತರವೂ ಇದೆ: ಬೋಧನೆಯ ವಿಧಾನ ಹಳತಾಗಿದೆ, ವ್ಯಾಕರಣದ ಬಾಯಿಪಾಠ ಬಿಟ್ಟು ಆಧುನಿಕ ವಿಧಾನ ತರಬೇಕು. ವಿಚಾರಸಂಕಿರಣಗಳಲ್ಲೂ ಇದೇ ಮಾತು, ಪಠ್ಯಕ್ರಮ ಪರಿಷ್ಕರಣೆಯ ಸಭೆಗಳಲ್ಲೂ ಇದೇ ಮಾತು.

ದೂರು ನಿಜ. ಆದರೆ ಉತ್ತರ ಅಷ್ಟು ಸರಳವಾದುದಲ್ಲ. ಪರಭಾಷೆ ಕಲಿಸುವ ಯಾವ ವಿಧಾನವೂ ಶೂನ್ಯದಲ್ಲಿ ಹುಟ್ಟಿದ್ದಲ್ಲ. ಆ ಭಾಷೆಯನ್ನು ಯಾರಿಗೆ, ಯಾತಕ್ಕೆ ಕಲಿಸಬೇಕಾಗಿತ್ತು ಎಂಬ ನಿರ್ದಿಷ್ಟ ಅಗತ್ಯ ಪ್ರತಿಯೊಂದು ವಿಧಾನದ ಹಿಂದೆಯೂ ಇತ್ತು. ಆ ಅಗತ್ಯವನ್ನು ಮರೆತು ವಿಧಾನವನ್ನಷ್ಟೇ ಹೊತ್ತು ತಂದರೆ ಅದು ನಮ್ಮ ನೆಲದಲ್ಲಿ ಬೇರು ಬಿಡುವುದಿಲ್ಲ.

ಇಂದು ಎಲ್ಲರೂ ಹಳಿಯುವ ವ್ಯಾಕರಣ-ಅನುವಾದ ವಿಧಾನವನ್ನೇ ಮೊದಲು ತೆಗೆದುಕೊಳ್ಳೋಣ. ಯುರೋಪಿನಲ್ಲಿ, ಮುಖ್ಯವಾಗಿ ಜರ್ಮನ್ ಶಾಲೆಗಳಲ್ಲಿ, ಲ್ಯಾಟಿನ್ ಮತ್ತು ಗ್ರೀಕ್ ಕಲಿಸುತ್ತಿದ್ದ ಕ್ರಮದಿಂದ ಅದು ರೂಪುಗೊಂಡಿತು. ಆ ಭಾಷೆಗಳನ್ನು ಯಾರೂ ಮನೆಯಲ್ಲಿ ಆಡುತ್ತಿರಲಿಲ್ಲ, ಓದಬೇಕಾದದ್ದು ಗ್ರಂಥಗಳನ್ನು. ಆದ್ದರಿಂದ ನಿಯಮ, ಕೋಷ್ಟಕ, ಅನುವಾದ ಸಾಕಾಗಿತ್ತು. ಅದೇ ಕ್ರಮವನ್ನು ಫ್ರೆಂಚ್, ಇಂಗ್ಲಿಷ್‌ನಂತಹ ಜೀವಂತ ಭಾಷೆಗಳಿಗೂ ಹಚ್ಚಿದಾಗ ಜರ್ಮನಿಯ ವಿಲ್‌ಹೆಲ್ಮ್ ಫೀಟರ್ 1882ರಲ್ಲಿ ಕಿರುಹೊತ್ತಗೆಯೊಂದನ್ನು ಬರೆದು, ಭಾಷಾಬೋಧನೆ ಹಿಂತಿರುಗಿ ಹೊಸ ದಾರಿ ಹಿಡಿಯಬೇಕೆಂದು ಒತ್ತಾಯಿಸಿದರು. ಅದಕ್ಕೆ ನಾಲ್ಕು ವರ್ಷ ಮೊದಲೇ, 1878ರಲ್ಲಿ, ಮ್ಯಾಕ್ಸಿಮಿಲಿಯನ್ ಬರ್ಲಿಟ್ಜ್ ಅಮೆರಿಕದ ಪ್ರಾವಿಡೆನ್ಸ್ ನಗರದಲ್ಲಿ ತನ್ನ ಶಾಲೆ ತೆರೆದಿದ್ದ. ಅಲ್ಲಿ ಕಲಿಯುವವನ ಭಾಷೆಗೆ ಪ್ರವೇಶವಿಲ್ಲ, ಕಲಿಸುವ ಭಾಷೆಯಲ್ಲೇ ಎಲ್ಲವೂ ನಡೆಯಬೇಕು. ಹಣ ಕೊಟ್ಟು ಬರುವ ವ್ಯಾಪಾರಿಗೂ ಪ್ರವಾಸಿಗೂ ಬೇಕಾಗಿದ್ದು ಮಾತು. ಶಾಲೆ ಅದನ್ನೇ ಒದಗಿಸಿತು.

ನಮ್ಮ ದೇಶದಲ್ಲಿ ಪರಭಾಷೆಯ ಉನ್ನತ ಬೋಧನೆ ಇನ್ನೊಂದು ಅಗತ್ಯಕ್ಕಾಗಿ ಸಂಘಟಿತವಾಯಿತು. 1800ರಲ್ಲಿ ಕಲ್ಕತ್ತೆಯ ಫೋರ್ಟ್ ವಿಲಿಯಂ ಕಾಲೇಜು, 1812ರಲ್ಲಿ ಮದರಾಸಿನ ಫೋರ್ಟ್ ಸೇಂಟ್ ಜಾರ್ಜ್ ಕಾಲೇಜು ಆರಂಭವಾದದ್ದು ಕಂಪನಿಯ ಅಧಿಕಾರಿಗಳಿಗೆ ದೇಶಭಾಷೆಗಳನ್ನು ಕಲಿಸಲು. ಮದರಾಸಿನಲ್ಲಿ ಕಲಿಸುತ್ತಿದ್ದ ಭಾಷೆಗಳಲ್ಲಿ ಕನ್ನಡವೂ ಒಂದು. ಜಾನ್ ಮೆಕೆರೆಲ್‌ನ ಕನ್ನಡ ವ್ಯಾಕರಣ 1820ರಲ್ಲಿ ಅದೇ ಮದರಾಸಿನಲ್ಲಿ ಅಚ್ಚಾಯಿತು. ಕಂದಾಯ ವಸೂಲಿಗೂ ನ್ಯಾಯ ತೀರ್ಮಾನಕ್ಕೂ ಬೇಕಾದಷ್ಟು ಕನ್ನಡ ಆಳುವವನಿಗೆ ಬರಬೇಕಾಗಿತ್ತು. ಹಾಗಾಗಿ ಪರಭಾಷಾ ಬೋಧನೆಯ ಚರಿತ್ರೆಯಲ್ಲಿ ಕನ್ನಡಿಗರು ಕಲಿಯುವವರಷ್ಟೇ ಅಲ್ಲ. ನಮ್ಮ ನುಡಿಯೂ ಒಮ್ಮೆ ಇನ್ನೊಬ್ಬರ ಅಗತ್ಯಕ್ಕೆ ತಕ್ಕಂತೆ ಪಾಠವಾಗಿ ಕತ್ತರಿಸಿಕೊಂಡಿದೆ.

ಎರಡನೆಯ ಮಹಾಯುದ್ಧದ ವೇಳೆ ಅಮೆರಿಕದ ಸೈನ್ಯಕ್ಕೆ ಜಪಾನಿ, ಚೀನಿ, ಅರಬಿ ಬಲ್ಲವರು ತುರ್ತಾಗಿ ಬೇಕಾದರು. 1943ರಲ್ಲಿ ಅಲ್ಲಿನ ಅನೇಕ ವಿಶ್ವವಿದ್ಯಾಲಯಗಳಲ್ಲಿ ಸೈನ್ಯದ ವಿಶೇಷ ತರಬೇತಿ ಆರಂಭವಾಯಿತು. ಆ ಭಾಷೆಯನ್ನು ಹುಟ್ಟಿನಿಂದ ಆಡುವ ಒಬ್ಬ, ಜೊತೆಗೆ ಒಬ್ಬ ಭಾಷಾವಿಜ್ಞಾನಿ, ಮುಂದೆ ಕೆಲವೇ ವಿದ್ಯಾರ್ಥಿಗಳು, ದಿನವೂ ಗಂಟೆಗಟ್ಟಲೆ ಮಾತಿನ ಅಭ್ಯಾಸ. ಯುದ್ಧದ ನಂತರ ಇದಕ್ಕೆ ಶಾಸ್ತ್ರದ ಉಡುಪು ತೊಡಿಸಿ ಶ್ರವಣ-ಭಾಷಣ ವಿಧಾನವೆಂದು ಕರೆದರು. ಸೋವಿಯತ್ ಒಕ್ಕೂಟ 1957ರಲ್ಲಿ ಸ್ಪುಟ್ನಿಕ್ ಹಾರಿಸಿದ ಮರುವರ್ಷವೇ ಅಮೆರಿಕ ಪರಭಾಷಾ ಬೋಧನೆಗೆ ಹಣ ಒದಗಿಸುವ ಕಾನೂನು ಮಾಡಿತು. ಆ ಕಾನೂನಿನ ಹೆಸರಿನಲ್ಲೇ ‘ರಾಷ್ಟ್ರೀಯ ರಕ್ಷಣೆ’ ಎಂಬ ಪದವಿತ್ತು. ಕೇಳು, ಅನುಕರಿಸು, ಮತ್ತೆ ಹೇಳು ಎಂಬ ಈ ಕ್ರಮ ಜಗತ್ತಿನೆಲ್ಲೆಡೆ ಹರಡಿತು. ಬೇರೆಯವರು ಅನುಕರಿಸಿದ್ದು ಮಾತ್ರ ಬರೀ ಪುನರುಚ್ಚಾರವನ್ನು. ಹತ್ತು ಜನರ ತರಗತಿ, ದಿನದ ಹೆಚ್ಚಿನ ಹೊತ್ತು ಭಾಷೆಗೇ ಮೀಸಲು ಎಂಬ ಎರಡು ಷರತ್ತುಗಳನ್ನು ಅವರು ಅಲ್ಲೇ ಬಿಟ್ಟು ಬಂದರು. ಅರವತ್ತು ಜನರ ತರಗತಿಯಲ್ಲಿ, ವಾರಕ್ಕೆ ನಾಲ್ಕು ಪೀರಿಯಡ್‌ಗಳಲ್ಲಿ ಒಂದೇ ವಾಕ್ಯವನ್ನು ಗುಂಪಾಗಿ ಕೂಗಿದರೆ ಭಾಷೆ ಬರುವುದೆಂದು ನಂಬಿದರು. ಮನುಷ್ಯ ಭಾಷೆಯನ್ನು ಬರೀ ಅಭ್ಯಾಸಬಲದಿಂದ ಕಲಿಯುವುದಿಲ್ಲವೆಂದು ಚಾಮ್‌ಸ್ಕಿ 1959ರಲ್ಲಿ ಸ್ಕಿನ್ನರ್‌ನ ಪುಸ್ತಕವನ್ನು ವಿಮರ್ಶಿಸುತ್ತಾ ವಾದಿಸಿದ ಮೇಲೆ ಈ ವಿಧಾನದ ಶಾಸ್ತ್ರೀಯ ಆಧಾರವೂ ಸಡಿಲಾಯಿತು.

ಆಮೇಲೆ ಬಂದದ್ದು ಸಂವಹನ ವಿಧಾನ. ವ್ಯಾಕರಣಶುದ್ಧ ವಾಕ್ಯ ಕಟ್ಟುವುದಷ್ಟೇ ಭಾಷೆ ಬಲ್ಲತನವಲ್ಲ, ಯಾರ ಮುಂದೆ ಏನನ್ನು ಹೇಗೆ ಹೇಳಬೇಕೆಂದು ಅರಿತಿರುವುದೂ ಅದರ ಭಾಗವೆಂದು ಡೆಲ್ ಹೈಮ್ಸ್ ಪ್ರತಿಪಾದಿಸಿದರು. ಯುರೋಪಿನ ದೇಶಗಳ ನಡುವೆ ಜನರ ಓಡಾಟ ಹೆಚ್ಚುತ್ತಿದ್ದ ಕಾಲವದು. ಹೊಸ ಊರಿಗೆ ಬಂದವನಿಗೆ ಕನಿಷ್ಠ ಎಷ್ಟು ಭಾಷೆ ಬೇಕು ಎಂಬುದರ ಪಟ್ಟಿಯನ್ನು ಯುರೋಪ್ ಮಂಡಳಿ 1975ರಲ್ಲಿ ಪ್ರಕಟಿಸಿತು. ಆರು ಹಂತಗಳ ಅದರ ಈಗಿನ ಸಮಾನ ಮಾನದಂಡ ಬಂದದ್ದು 2001ರಲ್ಲಿ. ಇಂದು ಭಾಷಾ ಕೋರ್ಸುಗಳ ಜಾಹೀರಾತಿನಲ್ಲಿ ಕಾಣುವ ಎ1, ಬಿ2 ಎಂಬ ಗುರುತುಗಳು ಅಲ್ಲಿಂದಲೇ ಬಂದವು.

ಇವೆಲ್ಲವನ್ನೂ ಅರಬಿಯ ಮುಂದೆ ಇಟ್ಟಾಗ ಒಂದು ಹೊಸ ತೊಡಕು ಎದುರಾಗುತ್ತದೆ. ಮಾತನಾಡಲು ಕಲಿಸಬೇಕು ಎನ್ನುತ್ತೇವೆ, ಯಾವ ಅರಬಿಯನ್ನು? ಕುರ್‌ಆನ್‌ನ, ಗ್ರಂಥಗಳ, ಪತ್ರಿಕೆಗಳ ಅರಬಿ ಯಾರ ಮನೆಯ ಮಾತೂ ಅಲ್ಲ. ಕೈರೋದ ಮನೆಮಾತು ಬೇರೆ, ಬಗ್ದಾದಿನದು ಬೇರೆ, ಮೊರೊಕ್ಕೊದ್ದಂತೂ ಇನ್ನೂ ದೂರ. ಚಾರ್ಲ್ಸ್ ಫರ್ಗ್ಯುಸನ್ 1959ರಲ್ಲಿ ಇದನ್ನು ದ್ವಿಸ್ತರ ಭಾಷೆಯ ಸ್ಥಿತಿ ಎಂದು ವಿವರಿಸಿದಾಗ ಕೊಟ್ಟ ನಾಲ್ಕು ಉದಾಹರಣೆಗಳಲ್ಲಿ ಅರಬಿಯೂ ಒಂದು. ಗ್ರಾಂಥಿಕ ಕನ್ನಡ ಮಾತ್ರ ಕಲಿತ ಪರದೇಶಿಯೊಬ್ಬ ಕಲಬುರಗಿಯ ಸಂತೆಗೆ ಹೋದರೆ ಪಡುವ ಪಾಡನ್ನು ನಾವು ಊಹಿಸಬಲ್ಲೆವು. ಅರಬಿಯ ವಿದ್ಯಾರ್ಥಿಯ ಪಾಡು ಅದಕ್ಕಿಂತ ಹಲವು ಪಟ್ಟು ಹೆಚ್ಚಿನದು.

ಈ ತೊಡಕಿಗೆ ಎರಡು ಪಠ್ಯಪುಸ್ತಕಗಳು ಕೊಟ್ಟ ಉತ್ತರಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡುವುದು ಉಪಯುಕ್ತ. ಒಂದು, ತಮಿಳುನಾಡಿನ ವಾಣಿಯಂಬಾಡಿಯಲ್ಲಿ ಹುಟ್ಟಿ ಮದೀನಾದ ಇಸ್ಲಾಮಿ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿದ, 2023ರಲ್ಲಿ ತೀರಿಕೊಂಡ ಡಾ. ವಿ. ಅಬ್ದುರ್ರಹೀಮ್ ಅವರ ‘ದುರೂಸುಲ್ಲುಗತಿಲ್ ಅರಬಿಯ್ಯಾ’. ನಾನಾ ದೇಶಗಳಿಂದ ಬಂದ, ಪರಸ್ಪರ ಭಾಷೆ ತಿಳಿಯದ ವಿದ್ಯಾರ್ಥಿಗಳಿಗಾಗಿ ಬರೆದದ್ದು. ಆದ್ದರಿಂದ ಪುಸ್ತಕದಲ್ಲಿ ಅರಬಿಯಲ್ಲದೆ ಬೇರೆ ಭಾಷೆ ಇಲ್ಲ. ಮನೆ, ಮಸೀದಿ, ಬಾಗಿಲು, ಪೆನ್ನುಗಳನ್ನು ತೋರಿಸಿ ಹೆಸರಿಸುವುದರಿಂದ ಪಾಠ ಶುರುವಾಗುತ್ತದೆ. ನಿಯಮವನ್ನು ಮೊದಲು ಹೇಳದೆ ಉದಾಹರಣೆಗಳ ನಡುವೆ ಕಾಣಿಸುತ್ತಾ ಹೋಗುತ್ತಾರೆ. ನಹ್ವ್‌ನ ಜಟಿಲ ಭಾಗಗಳು ಮೆಟ್ಟಿಲು ಮೆಟ್ಟಿಲಾಗಿ ಬರುತ್ತವೆ. ಗುರಿ ಸ್ಪಷ್ಟ: ವಿದ್ಯಾರ್ಥಿ ಕುರ್‌ಆನ್, ಹದೀಸ್‌ಗಳನ್ನು ಮೂಲದಲ್ಲಿ ಓದಬೇಕು.

ಇನ್ನೊಂದು, 1995ರಲ್ಲಿ ಅಮೆರಿಕದ ಜಾರ್ಜ್‌ಟೌನ್ ವಿಶ್ವವಿದ್ಯಾಲಯದ ಮುದ್ರಣಾಲಯ ಹೊರತಂದ ‘ಅಲ್-ಕಿತಾಬ್’. ಕ್ರಿಸ್ಟನ್ ಬ್ರುಸ್ಟಾಡ್, ಮಹಮೂದ್ ಅಲ್-ಬತಲ್, ಅಬ್ಬಾಸ್ ಅಲ್-ತೂನ್ಸಿ ಇದರ ಕರ್ತೃಗಳು. ಇದರಲ್ಲಿ ನ್ಯೂಯಾರ್ಕಿನಲ್ಲಿ ವಾಸಿಸುವ ಮಹಾ ಎಂಬ ಹುಡುಗಿಯ ಕಥೆ ಪಾಠದಿಂದ ಪಾಠಕ್ಕೆ ಸಾಗುತ್ತದೆ. ಅವಳ ತಂದೆ ವಿಶ್ವಸಂಸ್ಥೆಯಲ್ಲಿ ಅನುವಾದಕ. ಮನೆಯ ಸಾಮಾನುಗಳ ಹೆಸರು ಬರುವ ಮೊದಲೇ ವಿದ್ಯಾರ್ಥಿಗೆ ‘ವಿಶ್ವಸಂಸ್ಥೆ’ ಎಂಬ ಪದ ಬಂದಿರುತ್ತದೆ ಎಂಬುದು ಈ ಪುಸ್ತಕದ ಬಗ್ಗೆ ಬಹುಕಾಲದ ತಮಾಷೆ. ತಮಾಷೆಯೊಳಗೆ ಸತ್ಯವೂ ಇದೆ. ಅಮೆರಿಕದ ವಿದ್ಯಾರ್ಥಿಯ ಮುಂದಿರುವ ದಾರಿ ರಾಜತಾಂತ್ರಿಕತೆ, ಪತ್ರಿಕೋದ್ಯಮ, ಸರಕಾರಿ ಸೇವೆ. 2001ರ ನಂತರ ಅಲ್ಲಿ ಅರಬಿ ಕಲಿಯುವವರ ಸಂಖ್ಯೆ ಏರಿದ್ದಕ್ಕೆ ಕಾರಣವೂ ಬಹಳ ಮಟ್ಟಿಗೆ ಇದೇ. ಹಾಗೆಂದು ಪುಸ್ತಕವನ್ನು ತಳ್ಳಿಹಾಕಲಾಗದು. ಮುಂದಿನ ಆವೃತ್ತಿಗಳಲ್ಲಿ ಈಜಿಪ್ಟಿನ ಮತ್ತು ಶಾಮ್ ಪ್ರದೇಶದ ಆಡುಮಾತುಗಳನ್ನೂ ಗ್ರಾಂಥಿಕ ಅರಬಿಯ ಜೊತೆಜೊತೆಗೇ ಕಲಿಸುವ ಧೈರ್ಯವನ್ನು ಅದು ತೋರಿತು. ಮದೀನಾದ ಪುಸ್ತಕದಲ್ಲಿ ಬೀದಿಯ ಅರಬನ ಮಾತಿಗೆ ಜಾಗವೇ ಇಲ್ಲ. ಈ ಎರಡರಲ್ಲಿ ಯಾವುದು ಶ್ರೇಷ್ಠ ಎಂಬ ಪ್ರಶ್ನೆಗೆ ಅರ್ಥವಿಲ್ಲ. ಎರಡಕ್ಕೂ ತಮ್ಮ ವಿದ್ಯಾರ್ಥಿ ಯಾರೆಂದು ಗೊತ್ತಿತ್ತು. ಅದೇ ಅವುಗಳ ಬಲ.

ನಮ್ಮ ಅನೇಕ ಅರಬಿ ವಿಭಾಗಗಳಲ್ಲಿ ಇಲ್ಲದಿರುವುದು ಈ ಅರಿವು. ಪಠ್ಯಕ್ರಮದಲ್ಲಿ ಮುಅಲ್ಲಕಾತ್ ಇದೆ, ಹರೀರಿಯ ಮಕಾಮಾತ್ ಇದೆ, ಸಾಹಿತ್ಯ ಚರಿತ್ರೆ ಇದೆ. ಇವು ಇರಲೇಬೇಕು. ಆದರೆ ಪಾಠ ನಡೆಯುವುದು ಉರ್ದು ಅಥವಾ ಇಂಗ್ಲಿಷ್‌ನಲ್ಲಿ. ಪರೀಕ್ಷೆಯಲ್ಲಿ ಕವಿಯ ಬಗ್ಗೆ ಇಂಗ್ಲಿಷ್ ಪ್ರಬಂಧ ಬರೆದರೆ ಅಂಕ ಸಿಗುತ್ತದೆ. ಅರಬಿಯಲ್ಲಿ ನಾಲ್ಕು ಸಾಲು ಸ್ವಂತ ಬರೆಯದೆ, ಎರಡು ನಿಮಿಷ ಮಾತನಾಡದೆ ಅರಬಿಯಲ್ಲಿ ಸ್ನಾತಕೋತ್ತರ ಪದವೀಧರನಾಗುವುದು ಸಾಧ್ಯವಿರುವಾಗ ವಿಧಾನವನ್ನು ದೂರಿ ಏನು ಪ್ರಯೋಜನ? ಪರೀಕ್ಷೆ ಏನನ್ನು ಕೇಳುತ್ತದೋ ತರಗತಿ ಅದನ್ನೇ ಕಲಿಸುತ್ತದೆ.

ಇದಕ್ಕೆ ಮದ್ದೆಂದು ಬಂದಿರುವ ‘ಫಂಕ್ಷನಲ್ ಅರೇಬಿಕ್’ ಇನ್ನೊಂದು ತುದಿಗೆ ಜಾರಿದೆ. ವಿಮಾನ ನಿಲ್ದಾಣದ ಸಂಭಾಷಣೆ, ಕಚೇರಿಯ ಪತ್ರ, ಸಂಬಳದ ಮಾತುಕತೆ. ಕೊಲ್ಲಿಗೆ ದುಡಿಯಲು ಹೋಗುವ ಹುಡುಗನಿಗೆ ಇದರಿಂದ ಸಹಾಯವಾಗುವುದಾದರೆ ಸಂತೋಷ. ದುಡಿಮೆಯನ್ನು ಹೀನಾಯವಾಗಿ ಕಾಣುವವರು ನಾವಲ್ಲ. ಆದರೆ ಆರು ತಿಂಗಳ ಸರ್ಟಿಫಿಕೇಟ್ ಕೋರ್ಸಿನಲ್ಲಿ ಮುಗಿಯಬೇಕಾದುದನ್ನು ವಿಶ್ವವಿದ್ಯಾಲಯವೊಂದು ತನ್ನ ಪದವಿಯ ತಿರುಳಾಗಿಸಿಕೊಂಡರೆ ಅದು ಯಜಮಾನನ ಮಾತು ಕೇಳಿ ಉತ್ತರಿಸುವಷ್ಟು ಭಾಷೆಯನ್ನು ಮಾತ್ರ ಕಲಿಸಿದಂತಾಗುತ್ತದೆ. ನಜೀಬ್ ಮಹಫೂಜ್‌ರ ಕಾದಂಬರಿ, ಮಹಮೂದ್ ದರ್ವೀಶ್‌ರ ಕವಿತೆ, ಇಂದಿನ ಗಾಝಾದಿಂದ ಬರುತ್ತಿರುವ ಬರಹಗಳನ್ನು ಇಂಗ್ಲಿಷಿನ ಮಧ್ಯಸ್ಥಿಕೆಯಿಲ್ಲದೆ ಓದಿ ಕನ್ನಡಕ್ಕೆ ತರಬಲ್ಲವರು ಎಲ್ಲಿಂದ ಬರಬೇಕು?

ಹಳೆಯದನ್ನೆಲ್ಲ ತೂರಿಬಿಡಿ ಎನ್ನುವವರಿಗೂ ಒಂದು ಮಾತು. ವ್ಯಾಕರಣದ ಜ್ಞಾನ ಬೇರೆ, ಭಾಷೆಯ ಸಿದ್ಧಿ ಬೇರೆ ಎಂಬುದನ್ನು ಇಬ್ನ್ ಖಲ್ದೂನ್ 1377ರ ತನ್ನ ‘ಮುಖದ್ದಿಮಾ’ದಲ್ಲೇ ವಿವರಿಸಿದ್ದ. ಹೊಲಿಗೆಯ ಕ್ರಮವನ್ನೆಲ್ಲ ಬಾಯಲ್ಲಿ ವರ್ಣಿಸಬಲ್ಲವನ ಕೈಗೆ ಸೂಜಿ ಕೊಟ್ಟರೆ ಹೊಲಿಯಲಾರದೆ ಹೋಗಬಹುದು ಎಂಬುದು ಅವನು ಕೊಡುವ ಹೋಲಿಕೆ. ಆ ಸಿದ್ಧಿಗೆ ಅವನು ಬಳಸಿದ ಪದ ‘ಮಲಕಾ’. ಒಳ್ಳೆಯ ಬರಹ ಮತ್ತು ಮಾತನ್ನು ಅಪಾರವಾಗಿ ಒಳಗಿಳಿಸಿಕೊಂಡು, ಬಳಸುತ್ತಾ ಅದು ಬರಬೇಕು. ಇದನ್ನು ‘ಪಶ್ಚಿಮಕ್ಕಿಂತ ಮೊದಲೇ ನಾವು ಹೇಳಿದ್ದೆವು’ ಎಂದು ಬೀಗಲು ಬಳಸಿದರೆ ದಂಡ. ಅವನ ಗ್ರಂಥವನ್ನು ಪಠ್ಯವಾಗಿಟ್ಟುಕೊಂಡೂ ಅವನು ಟೀಕಿಸಿದ ಕ್ರಮದಲ್ಲೇ ಪಾಠ ಮಾಡುವುದು ಇನ್ನೂ ದೊಡ್ಡ ವ್ಯಂಗ್ಯ. ನಮ್ಮ ನೆಲದಲ್ಲೇ ಬೇರೆ ಪ್ರಯತ್ನಗಳಾಗಿವೆ. ಲಕ್ನೋದ ನದ್ವಾ 1930ರ ದಶಕದ ಆರಂಭದಲ್ಲಿ ಮೊರೊಕ್ಕೊದ ತಖಿಯುದ್ದೀನ್ ಹಿಲಾಲಿಯವರನ್ನು ಕರೆಸಿ ಅರಬಿಯನ್ನು ಜೀವಂತ ಭಾಷೆಯಾಗಿ ಕಲಿಸಿತು. ಅದೇ ಪರಂಪರೆಯ ಅಬುಲ್ ಹಸನ್ ಅಲಿ ನದ್ವಿಯವರು ಮಕ್ಕಳಿಗಾಗಿ ಬರೆದ ಪ್ರವಾದಿಗಳ ಕಥೆಗಳಲ್ಲಿ ಪದಗಳೂ ವಾಕ್ಯಗಳೂ ಬೇಕೆಂದೇ ಮರುಕಳಿಸುತ್ತವೆ. ಕಥೆಯ ಸುಖದಲ್ಲಿ ಓದುಗನಿಗೆ ಅದು ಪಾಠವೆಂದೇ ಅನಿಸುವುದಿಲ್ಲ.

ಇನ್ನೊಂದು ಕೊರತೆ ನಮ್ಮದೇ. ಕರಾವಳಿಯ ಬ್ಯಾರಿ ಮನೆಯ ಹುಡುಗಿಯೂ, ಕನ್ನಡವನ್ನೇ ಮನೆಮಾತಾಗಿ ಆಡುವ ಹುಡುಗನೂ ಅರಬಿಯನ್ನು ತಲುಪಬೇಕಾದರೆ ಮೊದಲು ಮೂರನೆಯ ಭಾಷೆಯೊಂದರ ಹೊಸ್ತಿಲು ದಾಟಬೇಕು. ತಾಯಿನುಡಿಯನ್ನು ತರಗತಿಯಿಂದ ಹೊರಹಾಕಿದ್ದು ಬರ್ಲಿಟ್ಜ್‌ನ ವ್ಯಾಪಾರಕ್ಕೆ ಸರಿಯಿರಬಹುದು. ನಮ್ಮ ತರಗತಿಗಳಲ್ಲಿ ತಾಯಿನುಡಿ ಒಳಗೆ ಬಂದದ್ದೇ ಅಪರೂಪ. ಕನ್ನಡ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ, ಅರಬಿಯಲ್ಲಿ ಬಹುತೇಕ ಮೊದಲಿಗೇ ಬರುತ್ತದೆ. ಕನ್ನಡದಲ್ಲಿ ಏಕವಚನ, ಬಹುವಚನ. ಅರಬಿಯಲ್ಲಿ ನಡುವೆ ದ್ವಿವಚನವೂ ಇದೆ. ಕಲ್ಲು, ಮರಗಳಿಗೂ ಅಲ್ಲಿ ಲಿಂಗಭೇದವಿದೆ. ಕನ್ನಡ ವಿದ್ಯಾರ್ಥಿ ಎಡವುವ ಇಂತಹ ಜಾಗಗಳನ್ನು ಕನ್ನಡದಲ್ಲೇ ಹತ್ತು ನಿಮಿಷ ವಿವರಿಸಿ, ಉಳಿದ ಹೊತ್ತನ್ನು ಅರಬಿಗೆ ಬಿಟ್ಟುಕೊಡುವ ಪಠ್ಯಪುಸ್ತಕವೊಂದು ನಮ್ಮ ವಿಭಾಗಗಳ ಮೊದಲ ಕೆಲಸವಾಗಬೇಕಿತ್ತು.

ಹಾಗಾದರೆ ಯಾವ ವಿಧಾನ? 1979ರಿಂದ 1984ರವರೆಗೆ ಬೆಂಗಳೂರನ್ನು ಕೇಂದ್ರವಾಗಿಟ್ಟುಕೊಂಡು ದಕ್ಷಿಣ ಭಾರತದ ಕೆಲವು ಶಾಲೆಗಳಲ್ಲಿ ಎನ್. ಎಸ್. ಪ್ರಭು ಅವರು ನಡೆಸಿದ ಇಂಗ್ಲಿಷ್ ಬೋಧನೆಯ ಪ್ರಯೋಗ ಜಗತ್ತಿನ ಭಾಷಾಬೋಧಕರ ಗಮನ ಸೆಳೆಯಿತು. ರೈಲಿನ ವೇಳಾಪಟ್ಟಿ ಓದು, ನಕ್ಷೆಯಲ್ಲಿ ದಾರಿ ಹುಡುಕು ಎಂಬಂತಹ ಕೆಲಸಗಳ ಮೂಲಕ ಭಾಷೆ ಕಲಿಸಿದ ಪ್ರಯೋಗವದು. ಅಂತಹ ವಿಧಾನವೊಂದನ್ನು ಕಟ್ಟಿದ ಅದೇ ಪ್ರಭು 1990ರಲ್ಲಿ ಲೇಖನವೊಂದನ್ನು ಬರೆದು, ಎಲ್ಲಕ್ಕಿಂತ ಶ್ರೇಷ್ಠವಾದ ವಿಧಾನವೆಂಬುದಿಲ್ಲ ಎಂದರು. ತಾನು ಮಾಡುತ್ತಿರುವುದು ಏಕೆ ಫಲಿಸುತ್ತದೆ ಎಂಬ ಜೀವಂತ ನಂಬಿಕೆ ಬೋಧಕನಲ್ಲಿರಬೇಕು. ಅದು ಯಾಂತ್ರಿಕವಾದರೆ ಹೊಸ ವಿಧಾನವೂ ಹಳೆಯದರಷ್ಟೇ ನಿರ್ಜೀವ. ಇದು ಅವರ ವಾದದ ಸಾರ. ಈ ಮಾತನ್ನು ನಾವು ಒಪ್ಪುತ್ತೇವೆ, ಒಂದು ಸೇರ್ಪಡೆಯೊಂದಿಗೆ. ಪ್ರತಿ ವಿಭಾಗವೂ ತನ್ನ ವಿದ್ಯಾರ್ಥಿ ಯಾರು, ಐದು ವರ್ಷಗಳ ನಂತರ ಅರಬಿಯಿಂದ ಅವನು ಅಥವಾ ಅವಳು ಏನು ಮಾಡಬಲ್ಲವರಾಗಬೇಕು ಎಂಬುದನ್ನು ಮೊದಲು ಕನ್ನಡದಲ್ಲಿ ಒಂದು ಪುಟ ಬರೆದಿಡಲಿ. ಆ ಪುಟಕ್ಕೆ ತಕ್ಕಂತೆ ಪ್ರಶ್ನೆಪತ್ರಿಕೆ ಬದಲಾಗಲಿ, ಮೌಖಿಕ ಪರೀಕ್ಷೆ ಬರಲಿ, ಅರಬಿಯಿಂದ ನೇರ ಕನ್ನಡಕ್ಕೆ ಒಂದು ಕಥೆಯ ಅನುವಾದ ಕಡ್ಡಾಯವಾಗಲಿ. ವಿಧಾನದ ಚರ್ಚೆಯನ್ನು ಆಮೇಲೆ ನಡೆಸಿದರೂ ತಡವಾಗುವುದಿಲ್ಲ.