ನೊಗವನ್ನು ಕಂಡ ಹುಡುಗ: ಕನ್ನಡದ ಆತ್ಮಕಥನ ಪರಂಪರೆ

ತನ್ನನ್ನು ಕುರಿತು ತಾನೇ ಬರೆಯುವುದು ನಮ್ಮ ಹಿರಿಯರಿಗೆ ಬಹುಕಾಲ ಸಂಕೋಚದ ಸಂಗತಿಯಾಗಿದ್ದಿತು. ಆತ್ಮಪ್ರಶಂಸೆಯನ್ನು ಆತ್ಮಹತ್ಯೆಗೆ ಸಮಾನವೆಂದು ಎಣಿಸಿದ ಮಹಾಭಾರತದ ಸಂಸ್ಕಾರದಲ್ಲಿ ಬೆಳೆದವರು ಅವರು. ಆದುದರಿಂದಲೇ ಡಿ.ವಿ.ಜಿ.ಯವರು ದೀರ್ಘಜೀವನದ ನೆನಪುಗಳನ್ನು ಸಂಪುಟದ ಮೇಲೆ ಸಂಪುಟವಾಗಿ ತೆರೆದಿಟ್ಟರೂ, ಆ 'ಜ್ಞಾಪಕ ಚಿತ್ರಶಾಲೆ'ಯ ಗೋಡೆಗಳ ಮೇಲೆ ತೂಗುಹಾಕಿದುದು ಪರರ ಚಿತ್ರಗಳನ್ನೇ ಹೊರತು ತಮ್ಮದನ್ನಲ್ಲ. ನವರತ್ನ ರಾಮರಾಯರ 'ಕೆಲವು ನೆನಪುಗಳು' ಎಂಬ ಹೆಸರಿನಲ್ಲಿಯೇ ಆ ವಿನಯವಿದೆ. ಶಿವರಾಮ ಕಾರಂತರು 1948ರಲ್ಲಿ 'ಹುಚ್ಚು ಮನಸ್ಸಿನ ಹತ್ತು ಮುಖಗಳು' ಎಂದು ತಮ್ಮ ಕಥೆಗೆ ಹೆಸರಿಟ್ಟಾಗ, 'ನಾನು' ಎಂಬ ಪದವು ಕನ್ನಡ ಗದ್ಯದಲ್ಲಿ ನಾಚಿಕೆಯಿಲ್ಲದೆ ತಲೆಯೆತ್ತಿ ನಿಂತಿತು. ಕಾಲೇಜನ್ನು ತೊರೆದು ಅಸಹಕಾರ ಚಳವಳಿಗೆ ಇಳಿದ ತರುಣನು ಒಂದರ ಬಳಿಕ ಒಂದು ಪ್ರಯೋಗಕ್ಕೆ ಧುಮುಕಿದುದನ್ನು, ಸೋಲುಗಳನ್ನು ಮರೆಮಾಚದೆ, ಅಲ್ಲಿ ಬರೆದನು.

ಹಿರಿಯರ ಆ ವಿನಯವನ್ನು ನಾನು ಗೌರವಿಸುತ್ತೇನೆ. ಆದರೆ ಅದಕ್ಕಾಗಿ ತೆತ್ತ ಬೆಲೆಯನ್ನೂ ಹೇಳಬೇಕು. ಆ ಕಾಲದ ನೆನಪಿನ ಗ್ರಂಥಗಳಲ್ಲಿ ಜಗಲಿ ಇದೆ, ಕಚೇರಿ ಇದೆ, ವಿದ್ವತ್ಸಭೆ ಇದೆ; ಅಡುಗೆಮನೆಯ ಬಾಗಿಲು ಮಾತ್ರ ತೆರೆಯುವುದು ಅಪರೂಪ. ಊರಿನ ಆಚೆಗಿದ್ದ ಕೇರಿಗೆ ಅಲ್ಲಿಂದ ದಾರಿಯೇ ಇಲ್ಲ.

ಸ್ವಂತ ನೋವನ್ನು ನೇರವಾಗಿ ಹೇಳಲಾರದವರಿಗೆ ಕಾದಂಬರಿಯೇ ಆಸರೆಯಾದುದುಂಟು. ಭೈರಪ್ಪನವರು ಪ್ಲೇಗು ಮತ್ತು ದಾರಿದ್ರ್ಯಗಳು ಹರಿದುಹಾಕಿದ ಬಾಲ್ಯವನ್ನು 1970ರ 'ಗೃಹಭಂಗ'ದಲ್ಲಿ ಪಾತ್ರಗಳಿಗೆ ಹೊರಿಸಿ, ಕಾಲು ಶತಮಾನದ ತರುವಾಯ 'ಭಿತ್ತಿ'ಯಲ್ಲಿ ತಮ್ಮ ಹೆಸರಿನಲ್ಲಿಯೇ ಹೇಳಿದರು. ಅದೇ ಸಂಕಟವನ್ನು ಎರಡನೆಯ ಸಲ ಬರೆಯಬೇಕೆನಿಸಿತೆಂದರೆ, ಕಲ್ಪನೆಯ ಹೆಸರಿನಲ್ಲಿ ಹೇಳಿದ್ದು ತೀರಲಿಲ್ಲವೆಂದೇ ನಾನು ಭಾವಿಸುತ್ತೇನೆ.

ಈ ಪರಂಪರೆಯ ದಿಕ್ಕು ನಿಜವಾಗಿ ಬದಲಾದುದು ಅರವಿಂದ ಮಾಲಗತ್ತಿಯವರ 'ಗೌರ್ಮೆಂಟ್ ಬ್ರಾಹ್ಮಣ', ಸಿದ್ದಲಿಂಗಯ್ಯನವರ 'ಊರುಕೇರಿ'ಗಳಿಂದ. 'ಊರುಕೇರಿ'ಯ ಆರಂಭದ ಒಂದು ದೃಶ್ಯವನ್ನು ಓದಿದವರು ಮರೆಯಲಾರರು. ಹೊಲದಲ್ಲಿ ಇಬ್ಬರು ಗಂಡಸರು ಎತ್ತುಗಳಂತೆ ಹೆಗಲಿಗೆ ನೊಗ ಕೊಟ್ಟು ನಡೆಯುತ್ತಿದ್ದಾರೆ, ಹಿಂದಿನಿಂದ ಮತ್ತೊಬ್ಬನು ನೇಗಿಲು ಹಿಡಿದು ಉಳುತ್ತಿದ್ದಾನೆ. ನೋಡುವ ಹುಡುಗನಿಗೆ ಅದು ವಿನೋದವೆನಿಸುತ್ತದೆ. ಆ ಇಬ್ಬರಲ್ಲಿ ಒಬ್ಬನು ಅವನ ತಂದೆ. ಲೇಖಕರು ಇಲ್ಲಿ ಕಂಬನಿಗೆ ಕರೆಯುವುದಿಲ್ಲ, ಧಿಕ್ಕಾರ ಕೂಗುವುದಿಲ್ಲ. 'ಹೊಲೆಮಾದಿಗರ ಹಾಡು' ಸಂಕಲನದಲ್ಲಿ ಬೆಂಕಿಯುಗುಳಿದ ಕವಿಯು ತನ್ನ ಬಾಳಿನ ಕಥೆಗೆ ಬಂದಾಗ ಧ್ವನಿ ತಗ್ಗಿಸಿ, ನಗುವಿಗೂ ಎಡೆಮಾಡಿಕೊಟ್ಟುದು ಕೆಲವು ವಿಮರ್ಶಕರಿಗೆ ರೋಷದ ಕೊರತೆಯಾಗಿ ಕಂಡಿತು. ನನಗೆ ಹಾಗೆ ತೋರುವುದಿಲ್ಲ. ನೊಗವನ್ನು ಕಂಡ ಹುಡುಗನಿಗೂ ಅದನ್ನು ಬರೆಯುವ ಪ್ರೌಢನಿಗೂ ನಡುವೆ ಇರುವ ದೂರವನ್ನು ಆ ಶಾಂತವಾದ ವಾಕ್ಯಗಳೇ ಅಳೆದು ತೋರಿಸುತ್ತವೆ. ಭರವಸೆ ಎಂಬ ಮಾತನ್ನು ಎಲ್ಲಿಯೂ ಆಡದೆ ಈ ಕೃತಿಯು ಭರವಸೆ ಕೊಡುವುದು ಹೀಗೆ: ಎತ್ತಿನ ಜಾಗದಲ್ಲಿ ನಿಲ್ಲಿಸಲ್ಪಟ್ಟವನ ಮಗನು ಆ ದೃಶ್ಯಕ್ಕೆ ತಾನೇ ಸಾಕ್ಷಿಯಾಗಿ, ತಾನೇ ಅದರ ಅರ್ಥವನ್ನು ನಿರ್ಣಯಿಸುವವನಾಗಿ ನಿಂತಿದ್ದಾನೆ. ಪದವಿ, ಪ್ರಶಸ್ತಿ, ಸನ್ಮಾನಗಳನ್ನು ವರ್ಷವಾರು ಪೋಣಿಸಿದ ಅನೇಕ ಆತ್ಮಚರಿತ್ರೆಗಳಲ್ಲಿ ಈ ಒಂದು ಪುಟದ ತೂಕವಿಲ್ಲ.

ಹೆಂಗಸರ ಆತ್ಮಕಥನ ಇನ್ನೂ ತಡವಾಗಿ ಗಮನಕ್ಕೆ ಬಂದಿತು. ಅಡುಗೆಮನೆಯ ಮಾತನ್ನೇ ಗ್ರಂಥನಾಮವಾಗಿಸಿಕೊಂಡ ವಿಜಯಾ ಅವರ 'ಕುದಿ ಎಸರು' 2019ರಲ್ಲಿ ಕೇಂದ್ರ ಸಾಹಿತ್ಯ ಅಕಾದೆಮಿಯ ಪುರಸ್ಕಾರ ಪಡೆಯಿತು. ದಾಂಪತ್ಯದ ಹಿಂಸೆಯನ್ನು ಬಚ್ಚಿಡದೆ ಬರೆದ ಆ ಕೃತಿಯನ್ನು ಓದುವಾಗಲೆಲ್ಲ ನನಗೆ ನನ್ನ ಸೋದರತ್ತೆ ನೆನಪಾಗುತ್ತಾಳೆ. ಚಿಕ್ಕ ವಯಸ್ಸಿನಲ್ಲಿಯೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು ಹಾಲಿನ ಲೆಕ್ಕದ ಪುಸ್ತಕದಲ್ಲಿ, ಲೆಕ್ಕದ ಪಕ್ಕದ ಖಾಲಿ ಜಾಗದಲ್ಲಿ, ದಿನಕ್ಕೊಂದೆರಡು ಸಾಲು ಬರೆದುಕೊಳ್ಳುತ್ತಿದ್ದಳು. ಅವಳು ತೀರಿಕೊಂಡ ಮೇಲೆ ಮನೆಯವರು ಆ ಪುಸ್ತಕಗಳನ್ನು ಹಳೆಯ ಕಾಗದದೊಡನೆ ತೂಕಕ್ಕೆ ಹಾಕಿದರು. ನಾನು ಕಂಡದ್ದು ಒಂದೇ ಪುಟ. ಎಡಗಡೆ 'ಹಾಲು ಮೂರು ಪಾವು' ಎಂದಿತ್ತು. ಬಲಗಡೆ, ಅದೇ ಪೆನ್ಸಿಲಿನಲ್ಲಿ, 'ಈ ದಿನ ಯಾರೂ ಮಾತಾಡಿಸಲಿಲ್ಲ. ದಾಸವಾಳದ ಗಿಡ ಎರಡು ಹೂ ಬಿಟ್ಟಿತು.'