ಬಂಡೆಯೇ ಹಾಸಿಗೆ

ಕೋಲಾರದಿಂದ ಮುಳಬಾಗಿಲಿಗೆ ಹೋಗುವಾಗ ದೇವರಾಯಸಮುದ್ರದ ಸುತ್ತ ಕಲ್ಲುಗುಡ್ಡಗಳು ಎದ್ದು ನಿಲ್ಲುತ್ತವೆ. ಬಯಲಲ್ಲಿ ರಾತ್ರಿ ಕಳೆಯುವ ಆಸೆಯುಳ್ಳವರಿಗೆ ಈ ಸೀಮೆಯ ಬಂಡೆಗಿಂತ ಒಳ್ಳೆಯ ಬಿಡಾರವಿಲ್ಲ. ಬಾಡಿಗೆಯಿಲ್ಲ, ಬಾಗಿಲಿಲ್ಲ.

ಸುಮಾರು 250 ಕೋಟಿ ವರ್ಷ ಹಳೆಯ ಈ ಕಲ್ಲಿನ ಗುಣವೇ ಬೇರೆ. ಹಗಲೆಲ್ಲ ಹೀರಿದ ಬಿಸಿಲನ್ನು ಅದು ಕತ್ತಲಾದ ಮೇಲೆ ಮೆಲ್ಲಗೆ ಬಿಟ್ಟುಕೊಡುತ್ತದೆ. ಚಳಿಗಾಲದ ಮುಸ್ಸಂಜೆ ಕಂಬಳಿ ಹಾಸಿ ಮಲಗಿದರೆ ಬೆನ್ನಿಗೆ ಹಿತವಾದ ಕಾವು. ನಡುರಾತ್ರಿ ದಾಟಿದರೆ ಮಾತ್ರ ಅದೇ ಕಲ್ಲು ತಣ್ಣಗೆ ಕೊರೆಯುತ್ತದೆ. ಆಗ ಇನ್ನೊಂದು ಕಂಬಳಿ ಬೇಕು. ಮಳೆ ಬಿದ್ದ ತಿಂಗಳುಗಳಲ್ಲಿ ದೊಣೆಗಳಲ್ಲಿ ನೀರು ನಿಂತು, ಕಪ್ಪೆಗಳ ಕಚೇರಿ ನಡೆಯುತ್ತದೆ. ಮೇಲೆ ಕೃತ್ತಿಕೆಯ ಗೊಂಚಲು, ದೂರದಲ್ಲಿ ಹೆದ್ದಾರಿಯ ಲಾರಿಗಳ ಸಣ್ಣ ಗುಂಯ್‌ಗುಡುವಿಕೆ. ಬುತ್ತಿಗೆ ರಾಗಿಮುದ್ದೆಗಿಂತ ರೊಟ್ಟಿ, ಹುಚ್ಚೆಳ್ಳು ಚಟ್ನಿಯೇ ಸಲೀಸು.

ಕುರಿ ಕಾಯುವವರಿಗೆ ಇದೇನೂ ಹೊಸದಲ್ಲ. ‘ಕ್ಯಾಂಪಿಂಗ್’ ಎಂಬ ಹೆಸರಷ್ಟೇ ಹೊಸದು.

ಒಂದು ಮಾತು: ಅರಣ್ಯಕ್ಕೆ ಸೇರಿದ ಗುಡ್ಡವಾದರೆ ಇಲಾಖೆಯ ಅನುಮತಿ ಪಡೆಯಿರಿ, ಊರವರನ್ನು ಕೇಳಿ ಹತ್ತಿರಿ. ಬೆಂಕಿ ಹಚ್ಚಬೇಡಿ, ಒಣಹುಲ್ಲಿಗೆ ಒಂದು ಕಿಡಿ ಸಾಕು. ಬೆಳಗ್ಗೆ ಎದ್ದು ಬರುವಾಗ ಬಂಡೆ ನೀವು ಬಂದಾಗಿನಷ್ಟೇ ಖಾಲಿಯಾಗಿರಲಿ.