ರಸ್ತೆಯಾಚೆಯ ಹೊರಗಿನವರು

ದೆಹಲಿಯ ಅಂಚಿನ ಕಾಪಸ್‌ಹೇಡಾದಲ್ಲಿ ಒಂಟಿ ಕೋಣೆಯ ಬಾಡಿಗೆ ಮನೆಗಳು ಒತ್ತೊತ್ತಾಗಿವೆ. ಬಿಹಾರ, ಉತ್ತರ ಪ್ರದೇಶಗಳಿಂದ ಬಂದು ಅಲ್ಲಿ ನೆಲೆಸಿದವರು ಬೆಳಗಾದರೆ ರಾಜ್ಯದ ಗಡಿ ದಾಟಿ ಗುರುಗ್ರಾಮದ ಉದ್ಯೋಗ್ ವಿಹಾರ್‌ನ ಸಿದ್ಧ ಉಡುಪಿನ ಕಾರ್ಖಾನೆಗಳಿಗೆ ಹೋಗುತ್ತಾರೆ. 2022ರ ಜನವರಿ 15ರಂದು ಹರಿಯಾಣದಲ್ಲಿ ಜಾರಿಗೆ ಬಂದ ಕಾನೂನು, ತಿಂಗಳಿಗೆ 30,000 ರೂಪಾಯಿವರೆಗಿನ ಖಾಸಗಿ ಕೆಲಸಗಳಲ್ಲಿ ಶೇ. 75ರಷ್ಟು ರಾಜ್ಯದವರಿಗೇ ಮೀಸಲು ಎಂದಿತು. ಅದರ ಲೆಕ್ಕದಲ್ಲಿ ಸುಮಾರು 250 ಕಿ.ಮೀ. ದೂರದ ಸಿರ್ಸಾದ ಹುಡುಗ ಸ್ಥಳೀಯ, ಕೂಗಳತೆಯ ಕಾಪಸ್‌ಹೇಡಾದ ಹುಡುಗಿ ಹೊರಗಿನವಳು.

ಕಾನೂನಿನ ಹಿಂದಿದ್ದ ನೋವು ಸುಳ್ಳಲ್ಲ. ಗುರುಗ್ರಾಮದ ಬಳಿಯ ಮಾನೇಸರದ ಸುತ್ತ ಕಾರ್ಖಾನೆಗಳಿಗೆ ಜಮೀನು ಹೋದ ಎಷ್ಟೋ ಮನೆಗಳಿಗೆ ಈಗ ವಲಸಿಗರು ಕೊಡುವ ಬಾಡಿಗೆಯೇ ಆದಾಯ. ಮನೆಯ ಮಗನಿಗೆ ಗೇಟಿನೊಳಗೆ ಕೆಲಸ ಸಿಗುವುದು ಕಷ್ಟ. ಊರವರಾದರೆ ಬೇಗ ಒಗ್ಗೂಡುತ್ತಾರೆ, ಪ್ರಶ್ನೆ ಕೇಳುತ್ತಾರೆ ಎಂಬ ಅಂಜಿಕೆ ಮಾಲೀಕರಿಗೆ. ದೂರದಿಂದ ಬಂದ ಗುತ್ತಿಗೆ ಕಾರ್ಮಿಕ ಅವರಿಗೆ ಅನುಕೂಲ. ಆ ಕಾನೂನು ಈ ಗುತ್ತಿಗೆ ಪದ್ಧತಿಯ ತಂಟೆಗೇ ಹೋಗಲಿಲ್ಲ. ಒಬ್ಬ ಬಡವನ ಕೆಲಸವನ್ನು ಇನ್ನೊಬ್ಬ ಬಡವನಿಗೆ ಕೊಡುವುದನ್ನು ಪರಿಹಾರ ಎಂದು ಕರೆಯಲು ನನಗೆ ಮನಸ್ಸು ಬರುವುದಿಲ್ಲ. 2023ರ ನವೆಂಬರ್ 17ರಂದು ಪಂಜಾಬ್ ಮತ್ತು ಹರಿಯಾಣ ಹೈಕೋರ್ಟ್ ಆ ಕಾನೂನನ್ನು ಅಸಾಂವಿಧಾನಿಕವೆಂದು ರದ್ದುಮಾಡಿದ್ದು ಸರಿಯೇ.

ಆದರೆ ತೀರ್ಪಿನಿಂದ ಯಾರಿಗೂ ಕೆಲಸ ಹುಟ್ಟುವುದಿಲ್ಲ. ಕೆಲಸ ಹುಡುಕುವವರಿಗೆಂದು ಕೇಂದ್ರ 2015ರಲ್ಲಿ ರಾಷ್ಟ್ರೀಯ ವೃತ್ತಿ ಸೇವೆಯ ಪೋರ್ಟಲ್ ತೆರೆಯಿತು; ದೆಹಲಿ 2020ರಲ್ಲಿ 'ರೋಜ್‌ಗಾರ್ ಬಜಾರ್' ಎಂಬ ತನ್ನದೇ ಪೋರ್ಟಲ್ ತಂದಿತು. ಉದ್ಯೋಗ ವಿನಿಮಯ ಕಚೇರಿಗಳೂ ಒಂದೊಂದು ರಾಜ್ಯಕ್ಕೆ ಬೇರೆ ಬೇರೆ. ಕೂಡಿ ಕೆಲಸ ಮಾಡಲು ಈ ಸರ್ಕಾರಗಳಿಗೆ ಬಾರದು ಎನ್ನುವಂತೆಯೂ ಇಲ್ಲ. ಇದೇ ದೆಹಲಿ, ಹರಿಯಾಣ, ಉತ್ತರ ಪ್ರದೇಶ, ರಾಜಸ್ಥಾನಗಳು ಕೇಂದ್ರದ ಜೊತೆ ಪಾಲು ಹಾಕಿ ರಾಷ್ಟ್ರ ರಾಜಧಾನಿ ವಲಯ ಸಾರಿಗೆ ನಿಗಮ ಕಟ್ಟಿದವು. ಅದರ 'ನಮೋ ಭಾರತ್' ರೈಲು ಓಡಲು ಶುರುವಾದದ್ದು 2023ರ ಅಕ್ಟೋಬರ್‌ನಲ್ಲಿ, ಹೈಕೋರ್ಟ್ ತೀರ್ಪಿಗೆ ಇನ್ನು ಒಂದು ತಿಂಗಳೂ ಇರದಿದ್ದಾಗ. ಹಳಿ ಹಾಕಲು ಐದು ಸರ್ಕಾರಗಳು ಒಂದಾಗಬಹುದಾದರೆ, ಫರೀದಾಬಾದಿನ ಐಟಿಐ ಹುಡುಗನಿಗೆ ನೋಯ್ಡಾದ ಖಾಲಿ ಹುದ್ದೆ ತಿಳಿಸುವ, ಅಲ್ಲಿ ಬೇಕಾದ ಕೆಲಸವನ್ನು ಮೊದಲೇ ಕಲಿಸುವ ಒಂದು ಜಂಟಿ ಸಂಸ್ಥೆಯನ್ನೂ ಕಟ್ಟಬಹುದು. 1985ರ ಕಾಯ್ದೆಯಡಿ ಬಂದ ರಾಜಧಾನಿ ವಲಯ ಯೋಜನಾ ಮಂಡಳಿಯಲ್ಲಿ ಈ ಸರ್ಕಾರಗಳೆಲ್ಲ ಹೇಗೂ ಒಟ್ಟಿಗೇ ಕೂರುತ್ತವೆ.

ಕರ್ನಾಟಕದ ಸಂಪುಟವೂ 2024ರ ಜುಲೈನಲ್ಲಿ ಸ್ಥಳೀಯರ ಮೀಸಲು ಮಸೂದೆಗೆ ಒಪ್ಪಿಗೆ ಕೊಟ್ಟು, ಕೂಡಲೇ ತಡೆಹಿಡಿಯಿತು. ಅದನ್ನು ಮತ್ತೆ ಕೈಗೆತ್ತಿಕೊಳ್ಳುವವರು ಗಡಿಯ ಅತ್ತಿಬೆಲೆಯಲ್ಲಿ ನಿಂತು ಯೋಚಿಸಲಿ: ನಾಳೆ ತಮಿಳುನಾಡೂ ಇಂಥದ್ದೇ ಕಾನೂನು ತಂದರೆ, ಹೊಸೂರಿನ ಕಾರ್ಖಾನೆಗೆ ಹೋಗುವ ನಮ್ಮ ಹುಡುಗರಿಗೆ ಯಾವ ಉತ್ತರ ಕೊಡುತ್ತೇವೆ?